‘ಆರಾಮ ಅದಾರ್ರಿ’ ಅಂದರೆ ಸಾಲದು

ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ನಾನು ಆಶ್ರಮಕ್ಕೆ ಫೋನ್ ಮಾಡುತ್ತಿದ್ದೆ. ‘ದೊಡ್ಡವ್ವ ಹೆಂಗ ಅದಾಳ್ರಿ?’ ಎಂದು ನಾನು ಕೇಳುವುದು, ‘ಆರಾಮ ಅದಾರ್ರಿ ಸರ, ಏನೂ ಕಾಳಜಿ ಮಾಡಬ್ಯಾಡ್ರಿ’ ಎಂದು ಅವರು ಹೇಳುವುದು. ಎರಡು ವರ್ಷ ಇದೇ ನಡೆಯಿತು. ಫೋನ್ ಇಟ್ಟ ಮೇಲೆ ನನಗೂ ಸಮಾಧಾನ, ಅವರಿಗೂ ಸಮಾಧಾನ. ಆ ಒಂದು ಉತ್ತರದ ಬಗ್ಗೆಯೇ ಇಂದು ಶರಣ ಬಂಧುಗಳ ಮುಂದೆ ನಾಲ್ಕು ಮಾತು ಹೇಳಬೇಕಾಗಿದೆ.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಆಕೆಗೆ ಮಕ್ಕಳಿರಲಿಲ್ಲ; ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲಿದ್ದಳು. ನಾನೂ ನನ್ನ ಹೆಂಡತಿಯೂ ಶಾಲೆಗೆ ಹೋದರೆ ಸಂಜೆವರೆಗೆ ಆಕೆ ಒಬ್ಬಳೇ. ‘ನನ್ನ ವಾರಿಗಿಯವರ ಜೋಡಿ ಇರ್ತೀನಪಾ’ ಎಂದು ತಾನೇ ಹಟ ಹಿಡಿದು ವೃದ್ಧಾಶ್ರಮಕ್ಕೆ ಹೋದಳು. ವೃದ್ಧಾಶ್ರಮ ಇರಬೇಕೋ ಬೇಡವೋ ಎಂಬ ವಾದವನ್ನು ಇಲ್ಲಿ ತೆಗೆಯುವುದಿಲ್ಲ. ಆ ವಾದಕ್ಕೆ ಬೇಕಾದಷ್ಟು ಶಾಯಿ ಖರ್ಚಾಗಿದೆ. ಆಶ್ರಮಗಳಂತೂ ಇವೆ, ಮಠಗಳೇ ನಡೆಸುವವೂ ಇವೆ, ಅವುಗಳಲ್ಲಿ ನಮ್ಮ ಹಿರಿಯರು ಇದ್ದಾರೆ.

ಒಂದು ದಿನ ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆ ಗೋಡೆಗೆ ಬಡಿಯಿತು. ರಕ್ತ ಬರಲಿಲ್ಲ, ಸಣ್ಣದೊಂದು ಬಾವು ಬಂದು ಇಳಿಯಿತು. ಒಂದು ವಾರ ಏನೂ ಇಲ್ಲ. ಎರಡನೆಯ ವಾರ ಹಗಲಲ್ಲೂ ಮಂಪರು, ಊಟದ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ನನಗೆ ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ತಪ್ಪಿಸದ ಇಷ್ಟಲಿಂಗ ಪೂಜೆಯನ್ನು ಅರ್ಧಕ್ಕೇ ಮರೆತು ಸುಮ್ಮನೆ ಕೂತುಬಿಡುತ್ತಿದ್ದಳಂತೆ. ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳಲು ಬಲಗೈ ಏಳಲಿಲ್ಲ, ಎಡಗೈಯಿಂದ ಹಚ್ಚಿಕೊಂಡಳು. ಇದಿಷ್ಟನ್ನೂ ಅಲ್ಲಿನ ಆಯಾ ಕಣ್ಣಾರೆ ನೋಡಿದ್ದರು. ಆದರೆ ರವಿವಾರ ನನ್ನ ಫೋನ್ ಎತ್ತುತ್ತಿದ್ದವನು ಕಚೇರಿಯಲ್ಲಿ ಕೂಡುವ ಹುಡುಗ. ಅವನು ದೊಡ್ಡವ್ವನ ಕೋಣೆಗೆ ಹೋದವನೇ ಅಲ್ಲ. ಆ ಮೂರು ವಾರಗಳಲ್ಲಿ ಮೂರು ಸಲ ನನಗೆ ಸಿಕ್ಕ ಉತ್ತರ ‘ಆರಾಮ ಅದಾರ್ರಿ’.

ನಾಲ್ಕನೆಯ ವಾರದ ನಡುವೆ ನಸುಕಿನಲ್ಲಿ ಫೋನ್ ಬಂತು. ‘ಎಚ್ಚರ ಇಲ್ರಿ, ಲಗೂನ ಬರ್ರಿ.’

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವೈದ್ಯರು ಮೂರು ಪ್ರಶ್ನೆ ಕೇಳಿದರು. ಈಚೆಗೆ ಬಿದ್ದಿದ್ದರೇ? ಯಾವ ಮಾತ್ರೆ ತಗೋತಿದ್ದರು? ಬದಲಾವಣೆ ಯಾವಾಗ ಶುರುವಾಯಿತು? ನಡುವಿನ ಪ್ರಶ್ನೆಯ ಉತ್ತರ ನನ್ನ ಹತ್ತಿರ ಇತ್ತು. ಹೃದಯದ ಬಡಿತ ಏರುಪೇರಾಗುತ್ತದೆಂದು ಆಕೆಗೆ ರಕ್ತ ತೆಳುವಾಗಿಸುವ ಮಾತ್ರೆ ನಡೆದಿತ್ತು. ಮೊದಲನೆಯದರ ಮತ್ತು ಕೊನೆಯದರ ಉತ್ತರ ಆಯಾ ಹತ್ತಿರ ಇತ್ತು. ಈ ಉತ್ತರಗಳು ಮೂರು ವಾರದಲ್ಲಿ ಒಮ್ಮೆಯೂ ಒಂದೆಡೆ ಸೇರಿರಲಿಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಆ ಮಾತ್ರೆ ನುಂಗುವವರಲ್ಲಿ, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಬುರುಡೆಯ ಒಳಗೆ ಮೆದುಳಿನ ಮೇಲೆ ರಕ್ತ ಹನಿಹನಿಯಾಗಿ ಸೋರಿ ವಾರಗಟ್ಟಲೆ ಸಂಗ್ರಹವಾಗಬಹುದು. ಹೊರಗೆ ಕಾಣುವುದು ಬರೀ ಮಂಪರು, ಮರೆವು, ಒಂದು ಕೈ ಸೋಲುವುದು. ಬೇಗ ಗೊತ್ತಾದರೆ ಆ ರಕ್ತವನ್ನು ಹೊರತೆಗೆದು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ನಾವು ತಡವಾಗಿ ಹೋಗಿದ್ದೆವು. ಶಸ್ತ್ರಚಿಕಿತ್ಸೆಯಾಗಿ ಹನ್ನೊಂದನೆಯ ದಿನಕ್ಕೆ ದೊಡ್ಡವ್ವ ಲಿಂಗೈಕ್ಯಳಾದಳು.

ಆಶ್ರಮದ ಹೆಸರು ಬೇಡ. ಯಾಕೆ ಬೇಡ ಅನ್ನುವುದಕ್ಕೂ ಕಾರಣವಿದೆ. ಸಮಾಧಿಕ್ರಿಯೆಗೆ ಆ ಆಯಾ ಬಂದಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, ‘ಸರ, ಫೋನ್ ಮಾಡಬೇಕಂತ ಎರಡ ಸಲ ಮನಸ್ಸ ಮಾಡಿದ್ನಿರಿ. ಹ್ವಾದ ವರ್ಷ ಶಾಲು ಕಳದದ್ದಕ್ಕ ನೀವು ಎಲ್ಲಾರ ಮುಂದ ಬೈದಿದ್ರಿ. ಬಿದ್ದಾರಂತ ಹೇಳಿದ್ರ ಇನ್ನೇನ ಅಂತೀರೋ ಅಂತ ಅಂಜಿಕಿ ಬಂತು. ಮತ್ತ ಅಮ್ಮಾರೂ, ನನ್ನ ಮಗಗ ಹೇಳಬ್ಯಾಡವಾ, ಸಾಲಿ ಬಿಟ್ಟು ಓಡಿ ಬರ್ತಾನ ಅಂದ್ರು’ ಎಂದರು. ನೂರಿನ್ನೂರು ರೂಪಾಯಿಯ ಶಾಲಿಗಾಗಿ ನಾನು ಕೂಗಾಡಿದ್ದು ನಿಜ. ಅವತ್ತು ನನ್ನ ಬಾಯಿಂದ ಬಂದ ಮಾತು ಒಂದು ವರ್ಷದ ನಂತರ ಫೋನಿನ ದಾರಿ ಕಟ್ಟಿತ್ತು.

ಹಾಗಾಗಿ ನನ್ನ ತಕರಾರು ಒಂದು ಆಶ್ರಮದ ಮೇಲಲ್ಲ. ಆಶ್ರಮದವರು ಸಾಮಾನ್ಯವಾಗಿ ಎರಡೇ ಸುದ್ದಿ ಮುಟ್ಟಿಸುತ್ತಾರೆ: ಆಸ್ಪತ್ರೆಗೆ ಸೇರಿಸಿದ್ದೇವೆ, ಇಲ್ಲವೇ ಹೋಗಿಬಿಟ್ಟರು. ಇವುಗಳಿಗೆ ಮೊದಲು ಬರುವ ಸಣ್ಣ ಸಣ್ಣ ಬದಲಾವಣೆಗಳ ಸುದ್ದಿ ಬರುವುದೇ ಇಲ್ಲ. ಜೀವ ಉಳಿಸುವ ಸುದ್ದಿ ಅದೇ.

ಮುಪ್ಪಿನ ಕಾಯಿಲೆಗಳು ಪುಸ್ತಕದಲ್ಲಿದ್ದಂತೆ ಬರುವುದಿಲ್ಲ ಎನ್ನುವುದನ್ನು ಮೊದಲು ತಿಳಿಯಬೇಕು. ನಮಗೆ ನಿಮಗೆ ಮೂತ್ರದ ಸೋಂಕಾದರೆ ಉರಿ, ಜ್ವರ. ಎಂಬತ್ತರ ಅಜ್ಜಿಗೆ ಜ್ವರವೇ ಬಾರದೆ ಒಮ್ಮೆಲೇ ಬುದ್ಧಿ ಕದಡಬಹುದು. ಮಗಳನ್ನು ತಂಗಿ ಎನ್ನುತ್ತಾಳೆ, ರಾತ್ರಿ ಎದ್ದು ತವರಿಗೆ ಹೊರಡುತ್ತಾಳೆ. ‘ಅರಳು ಮರಳು’ ಎಂದು ನಾವು ನಕ್ಕು ಬಿಡುತ್ತೇವೆ. ಅರಳು ಮರಳು ಎರಡು ದಿನದಲ್ಲಿ ಬರುವ ವಸ್ತುವಲ್ಲ. ಎರಡು ದಿನದಲ್ಲಿ ಬಂದದ್ದಾದರೆ ಅದಕ್ಕೆ ದೇಹದಲ್ಲಿ ಕಾರಣ ಹುಡುಕಬೇಕು. ನ್ಯುಮೋನಿಯಾ ಕೆಮ್ಮಿಲ್ಲದೆ ಬರಬಹುದು, ಹೃದಯಾಘಾತ ಎದೆನೋವಿಲ್ಲದೆ ಬರಿ ಸುಸ್ತಾಗಿ ಬರಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ. ಬಾಯಿ ಸೊಟ್ಟಗಾದದ್ದನ್ನು ಬೆಳಿಗ್ಗೆ ಎಂಟಕ್ಕೆ ಕಂಡು ‘ಸಂಜಿಕ ಡಾಕ್ಟರ್ ಬರ್ತಾರಲ್ಲ’ ಎಂದು ಕಾದರೆ ಮುಗಿಯಿತು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸದೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪೇರಿ ಹುಣ್ಣಿಗೆ ದಾರಿಯಾಗುತ್ತದೆ. ಕೆಂಪಾದ ದಿನವೇ ತಿಳಿಸಿದರೆ ಮನೆಯವರು ಗಾಳಿಹಾಸಿಗೆ ತಂದುಕೊಡುತ್ತಾರೆ. ಹುಣ್ಣು ಎಲುಬು ಮುಟ್ಟಿದ ಮೇಲೆ ತಿಳಿಸಿದರೆ ಜಗಳಕ್ಕೆ ಬರುತ್ತಾರೆ.

ತೂಕದ ಮಾತೂ ಹಾಗೆಯೇ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಅದನ್ನು ಗಂಭೀರವೆಂದು ಎಣಿಸುತ್ತಾರೆ. 50 ಕಿಲೋ ಇದ್ದ ತಾಯಿ ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಸೀರೆ ಉಟ್ಟಿರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬಳೆ ಮೊಣಕೈವರೆಗೆ ಜಾರಿದಾಗ ಕಾಣುತ್ತದೆ. ತಿಂಗಳಿಗೊಮ್ಮೆ ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದಿಟ್ಟರೆ ಅಷ್ಟು ತಡವಾಗುವುದಿಲ್ಲ.

ಇವನ್ನೆಲ್ಲ ಮೊದಲು ಕಾಣುವವರು ವೈದ್ಯರಲ್ಲ, ಆಡಳಿತ ಮಂಡಳಿಯವರಂತೂ ಅಲ್ಲ. ಎಣ್ಣೆ ಹಚ್ಚಿ ಎರೆಯುವವರು, ಬಡಿಸುವವರು, ಕಸ ಗುಡಿಸುವವರು. ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ಬಲ್ಲವರು ಅವರೇ. ಕಾಯಕಕ್ಕೆ ಮೇಲು ಕೀಳಿಲ್ಲ ಎಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಆಶ್ರಮದಲ್ಲಿ ಆಯಾ ಕಂಡದ್ದು ಆಯಾ ಹತ್ತಿರವೇ ಉಳಿಯುತ್ತದೆ. ಆಕೆಯನ್ನು ಕೇಳುವ ಪದ್ಧತಿ ಇಲ್ಲ, ಆಕೆ ಬರೆಯುವ ಪುಸ್ತಕವಿಲ್ಲ.

ನನ್ನ ಅಕ್ಕನ ಮಗಳು ಅಮೆರಿಕದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ಅದು ವೃದ್ಧರು, ಅಶಕ್ತರು ವರ್ಷಗಟ್ಟಲೆ ಇರುವ ಶುಶ್ರೂಷಾ ಮನೆ. ದೊಡ್ಡವ್ವನ ಸುದ್ದಿ ಕೇಳಿ ಅತ್ತ ಆಕೆ, ‘ಮಾಮಾ, ಇಲ್ಲಿ ಬಿದ್ದದ್ದನ್ನ ತಿಳಿಸದಿದ್ರ ಕಾನೂನು ಮುರಿದಂಗ’ ಎಂದಳು. ಅಲ್ಲಿ 1987ರಲ್ಲಿ ಇಂಥ ಮನೆಗಳ ಸುಧಾರಣೆಗೆ ಕಾನೂನು ಬಂದಿದೆ. ವೈದ್ಯರು ಬೇಕಾಗಬಹುದಾದಂಥ ಪೆಟ್ಟಾದರೆ, ದೇಹದ ಅಥವಾ ಮನಸ್ಸಿನ ಸ್ಥಿತಿ ಗಮನಾರ್ಹವಾಗಿ ಬದಲಾದರೆ, ಚಿಕಿತ್ಸೆಯನ್ನು ಬಹಳಷ್ಟು ಬದಲಿಸಬೇಕಾದರೆ, ಬೇರೆಡೆ ಸಾಗಿಸುವ ನಿರ್ಧಾರವಾದರೆ, ಕೂಡಲೇ ಆ ಹಿರಿಯರಿಗೆ ಹೇಳಬೇಕು, ವೈದ್ಯರನ್ನು ಕೇಳಬೇಕು, ಮನೆಯವರಿಗೆ ತಿಳಿಸಬೇಕು ಎಂದು ಅಲ್ಲಿನ ನಿಯಮ. ಕೋಣೆ ಬದಲಿಸಿದರೂ ತಿಳಿಸಬೇಕು. ಅಲ್ಲಿನ ಅನೇಕ ಕಡೆ ‘ಸ್ಟಾಪ್ ಅಂಡ್ ವಾಚ್’ ಎಂಬ ಚೀಟಿ ಇದೆಯಂತೆ. ಮಾತು ಕಡಿಮೆಯಾಗಿದೆಯೇ, ಊಟ ಕಡಿಮೆಯಾಗಿದೆಯೇ, ನೀರು ಕುಡಿಯುವುದು ಕಡಿಮೆಯಾಗಿದೆಯೇ, ಎಂದಿನಂತಿಲ್ಲ ಅನಿಸುತ್ತಿದೆಯೇ ಎಂಬಂಥ 12 ಗುರುತು. ಕಂಡದ್ದಕ್ಕೆ ಆಯಾ ಗುರುತು ಹಾಕಿ ನರ್ಸ್ ಕೈಗೆ ಕೊಟ್ಟರಾಯಿತು. ಕಾನೂನಿದ್ದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸರಿ ಎಂದು ಆಕೆಯೂ ಹೇಳಲಿಲ್ಲ. ಆದರೆ ಕೇಳಲು ಮನೆಯವರಿಗೆ ಒಂದು ಆಧಾರವಿದೆ.

ನಮ್ಮಲ್ಲಿ 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಇದೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ಮೇಲೆ ದೂರು ಕೊಡಬಹುದು, ತೊರೆದು ಹೋದವರಿಗೆ ಮೂರು ತಿಂಗಳವರೆಗೆ ಶಿಕ್ಷೆಯೂ ಆಗಬಹುದು. ಜಿಲ್ಲೆಗೊಂದಾದರೂ, 150 ನಿರ್ಗತಿಕ ಹಿರಿಯರಿಗೆ ಸಾಲುವಂಥ ಆಶ್ರಮವನ್ನು ಸರಕಾರ ತೆರೆಯಬಹುದೆಂದೂ ಬರೆದಿದೆ. ಆದರೆ ಆಶ್ರಮದಲ್ಲಿರುವ ತಾಯಿಯ ಆರೋಗ್ಯ ಕೆಟ್ಟರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂದು ಆ ಕಾಯ್ದೆ ಹೇಳುವುದಿಲ್ಲ. 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟಗಳ ಪ್ರಸ್ತಾಪವಿತ್ತು. ಸರಕಾರ ಮಾಡಿದಾಗ ಮಾಡಲಿ. ನಮ್ಮ ಮಠಗಳು ಶಾಲೆ ತೆರೆದದ್ದು, ಪ್ರಸಾದ ನಿಲಯ ತೆರೆದದ್ದು ಕಾನೂನು ಬಂದ ಮೇಲಲ್ಲ.

ಇಲ್ಲಿ ನಮ್ಮವರಲ್ಲಿ ಮಾತ್ರ ಕಾಣುವ ಒಂದು ತೊಡಕನ್ನು ಹೇಳಲೇಬೇಕು. ಮಠದ ಆಶ್ರಮವೆಂದರೆ ಹೆಚ್ಚಿನ ಕಡೆ ದಾಸೋಹ. ದುಡ್ಡಿಲ್ಲ, ಇದ್ದರೂ ಅಲ್ಪ. ಹೀಗಾಗಿ ಮನೆಯವರು ‘ಪುಗಸಟ್ಟೆ ನೋಡ್ಕೊಳ್ಳಾಕತ್ತಾರ, ಮತ್ತ ಅದನ್ನ ಇದನ್ನ ಕೇಳೂದು ಹೆಂಗ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಶ್ರಮದವರು ‘ನಾವು ಇಷ್ಟು ಮಾಡುವುದೇ ದೊಡ್ಡದು, ಮೇಲೆ ವರದಿ ಬೇರೆ ಒಪ್ಪಿಸಬೇಕೇ’ ಎನ್ನುತ್ತಾರೆ. ಇಬ್ಬರೂ ದಾಸೋಹವನ್ನು ಉಪಕಾರವೆಂದು ತಿಳಿದಿದ್ದಾರೆ. ನೀಡುವವನು ದಾಸನಾಗಿ ನೀಡಬೇಕೆಂಬುದೇ ಆ ಮಾತಿನ ಅರ್ಥವಾದರೆ, ತಾನು ನೋಡಿಕೊಂಡವರ ಲೆಕ್ಕ ಒಪ್ಪಿಸಲು ದಾಸನಿಗೆ ಸಂಕೋಚವೇಕೆ? ದುಡ್ಡು ಪಡೆಯುವ ಆಶ್ರಮಕ್ಕಿಂತ ಪಡೆಯದ ಆಶ್ರಮವೇ ಈ ವಿಷಯದಲ್ಲಿ ಮುಂದಿರಬೇಕು. ಯಾಕೆಂದರೆ ಅಲ್ಲಿರುವವರು ಬೇಸರವಾದರೆ ಬೇರೆ ಕಡೆ ಹೋಗಬಲ್ಲವರಲ್ಲ.

ಸುದ್ದಿ ತಿಳಿಸುವುದು ನಮಗೆ ಬರುವುದಿಲ್ಲವೆಂದಲ್ಲ. 2018ರ ಡಿಸೆಂಬರಿನಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರ ಉಸಿರಾಟ, ಆಹಾರ, ಸೋಂಕು ಎಲ್ಲದರ ವಿವರವನ್ನೂ ವೈದ್ಯರು ಹೊರಬಂದು ಹೇಳುತ್ತಿದ್ದರು. ನಾಡಿಗೆ ನಾಡೇ ಕಾದು ಕೇಳುತ್ತಿತ್ತು. 111 ವರ್ಷದ ಆ ಪೂಜ್ಯರಿಗೆ ಆ ಗೌರವ ಸಲ್ಲಬೇಕಾದದ್ದೇ. ಮೂಲೆಯ ಮಂಚದ ಮೇಲಿನ ಅಜ್ಜಿಗೆ ನಾಡು ಬೇಡ, ಒಬ್ಬ ಮಗನೋ ಮಗಳೋ ಸೊಸೆಯೋ ಕೇಳಿಸಿಕೊಂಡರೆ ಸಾಕು.

ಏನು ಮಾಡಬಹುದು? ದೊಡ್ಡ ಖರ್ಚಿನದೇನೂ ಅಲ್ಲ. ಒಂದು ಪುಸ್ತಕ, ಹಿರಿಯರೊಬ್ಬರಿಗೆ ಒಂದು ಪುಟ. ಆಯಾ ಕಂಡದ್ದನ್ನು ಆಯಾನೇ ಬರೆಯಬೇಕು, ಬರೆಯಲು ಬಾರದಿದ್ದರೆ ಹೇಳಿ ಬರೆಸಬೇಕು, ದಿನ ಮತ್ತು ಹೊತ್ತು ಹಾಕಬೇಕು. ಬಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಉಸಿರು ಹತ್ತಿದರೆ, ಬುದ್ಧಿ ಕದಡಿದರೆ, ಎಚ್ಚರ ಕಡಿಮೆಯಾದರೆ ವೈದ್ಯರಿಗೂ ಮನೆಯವರಿಗೂ ಆ ಗಂಟೆಯಲ್ಲೇ ಫೋನ್. ಪೆಟ್ಟು ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸುವ ಕೆಲಸ ಆಯಾದೂ ಅಲ್ಲ, ಕಚೇರಿಯ ಹುಡುಗನದೂ ಅಲ್ಲ. ಊಟ, ನಿದ್ದೆ, ತೂಕ, ಮಲಮೂತ್ರದ ವ್ಯತ್ಯಾಸಕ್ಕೆ ಅದೇ ದಿನ ಸಂಜೆಯೊಳಗೆ. ಉಳಿದದ್ದು ವಾರದ ಫೋನಿನಲ್ಲಿ. ಆ ಫೋನನ್ನು ಹಿರಿಯರನ್ನು ನೋಡಿಕೊಳ್ಳುವವರೇ ಮಾಡಬೇಕು. ‘ಪೂಜಿ ಮಾಡಿದ್ರಾ?’ ಎನ್ನುವುದನ್ನೂ ಆ ಪುಸ್ತಕದಲ್ಲಿ ಸೇರಿಸಿರಿ ಎನ್ನುತ್ತೇನೆ. ದಿನಾ ತಾವೇ ಎದ್ದು ಲಿಂಗಪೂಜೆಗೆ ಕೂಡುವವರು ಎರಡು ದಿನ ಏಳದಿದ್ದರೆ ಅದನ್ನು ಭಕ್ತಿ ಕಡಿಮೆಯಾಯಿತೆಂದು ತಿಳಿಯದೆ ಮೈಮುಟ್ಟಿ ನೋಡಬೇಕು.

ದೊಡ್ಡವ್ವನ ಮಾತನ್ನೂ ಇಲ್ಲಿ ಮರೆಯಬಾರದು: ‘ನನ್ನ ಮಗಗ ಹೇಳಬ್ಯಾಡವಾ.’ ಇದು ಹಿರಿಯರ ಹಕ್ಕು. ಬುದ್ಧಿ ನೆಟ್ಟಗಿರುವವರ ಮೈಯ ಸುದ್ದಿ ಮೊದಲು ಅವರದು, ಆಮೇಲೆ ಮಕ್ಕಳದು. ಮಕ್ಕಳೊಡನೆ ಆಸ್ತಿ ವ್ಯಾಜ್ಯ ಇರುವವರು ಇದ್ದಾರೆ, ಮಗನಿಗಿಂತ ಮಗಳನ್ನು ನಂಬುವವರಿದ್ದಾರೆ. ಆದ್ದರಿಂದ ಆಶ್ರಮಕ್ಕೆ ಸೇರುವ ದಿನವೇ ಅವರನ್ನೇ ಕೂಡಿಸಿ ಕೇಳಬೇಕು: ಯಾರಿಗೆ ತಿಳಿಸಬೇಕು, ಅವರು ಸಿಗದಿದ್ದರೆ ಯಾರಿಗೆ, ಯಾವುದನ್ನು ತಿಳಿಸಬಾರದು, ನಿಮಗೆ ಮಾತು ಬಾರದ ಸ್ಥಿತಿ ಬಂದರೆ ಯಾರ ಮಾತು ಕೇಳಬೇಕು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಅದರಂತೆ ಆದೇಶ ಹೊರಡಿಸಿದೆ. ಲಿಂಗೈಕ್ಯವನ್ನು ಅಂಜದೆ ಮಾತಾಡುವ ಸಮಾಜ ನಮ್ಮದು. ಈ ಕಾಗದ ಬರೆಸುವುದಕ್ಕೆ ಹಿಂಜರಿಯಬೇಕಾಗಿಲ್ಲ. ದೊಡ್ಡವ್ವನನ್ನು ಸೇರಿಸಿದ ದಿನ ಇದನ್ನೆಲ್ಲ ಕೇಳಿದ್ದರೆ ಆಕೆ ಏನು ಹೇಳುತ್ತಿದ್ದಳೋ. ‘ಕೈ ಏಳದಿದ್ರ ಹೇಳ್ರಿ, ನೆಗಡಿ ಬಂದ್ರ ಬ್ಯಾಡ’ ಎನ್ನುತ್ತಿದ್ದಳೆಂದು ನನಗನಿಸುತ್ತದೆ.

ಇನ್ನು ಮನೆಯವರ ಪಾಲು. ಗುರುತಿಲ್ಲದ ನಂಬರೆಂದು ಫೋನ್ ಕಟ್ ಮಾಡುವವರಲ್ಲಿ ನಾನೂ ಒಬ್ಬ. ಆಶ್ರಮದ ಎಲ್ಲ ನಂಬರುಗಳನ್ನೂ ಹೆಸರು ಹಾಕಿ ಉಳಿಸಿಕೊಳ್ಳಬೇಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾತಕ್ಕಾಗಿ ಎಂದು ಬರೆದುಕೊಡಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್ ಇದ್ದರೆ ಕೆಂಪು ಶಾಯಿಯಲ್ಲಿ. ನಾನು ದೊಡ್ಡವ್ವನ ಮಾತ್ರೆಯ ಚೀಲ ಕೊಟ್ಟು ಬಂದಿದ್ದೆ, ಅದು ಯಾತರ ಮಾತ್ರೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಆಶ್ರಮದಿಂದ ಫೋನ್ ಬಂದಾಗ ‘ಹೆಂಗ ಬಿದ್ರು? ನೀವೇನ ಮಾಡಾಕತ್ತಿದ್ರಿ?’ ಎಂದು ಏರು ದನಿಯಲ್ಲಿ ಶುರು ಮಾಡಿದರೆ ಮುಂದಿನ ಸಲ ಆ ಫೋನ್ ಬರುವುದಿಲ್ಲ. ಬೈಯಬೇಕಾದ ಸಂದರ್ಭ ಬರುವುದೇ ಇಲ್ಲವೆಂದಲ್ಲ. ಮೊದಲು ‘ತಿಳಿಸಿದ್ದು ಛಲೋ ಆತ್ರಿ’ ಎನ್ನಿರಿ, ಹಿರಿಯರ ವ್ಯವಸ್ಥೆ ನೋಡಿರಿ. ಜಗಳಕ್ಕೆ ಆಮೇಲೂ ಹೊತ್ತಿರುತ್ತದೆ.

ಯಾರೂ ಇಲ್ಲದವರ ಗತಿ? ನಮ್ಮ ಆಶ್ರಮಗಳಲ್ಲಿ ಅಂಥವರು ಬಹಳ. ಅವರ ಪುಟದಲ್ಲಿ ‘ತಿಳಿಸಬೇಕಾದವರು’ ಎನ್ನುವಲ್ಲಿ ಏನೂ ಇಲ್ಲ. ಕೇಳುವವರೇ ಇಲ್ಲದಿದ್ದರೆ ಎಂಥ ಒಳ್ಳೆಯ ಆಯಾಗೂ ಗಮನ ಸಡಿಲವಾಗುವುದು ಸಹಜ. ಇದಕ್ಕೆ ನಮ್ಮ ಊರಿನ ಮಠದಲ್ಲಿ ಒಂದು ಪ್ರಯತ್ನ ಶುರುವಾಗಿದೆ. ಮಾಸಿಕ ಶಿವಾನುಭವಕ್ಕೆ ಬರುವ ಭಕ್ತರಲ್ಲಿ ಒಬ್ಬೊಬ್ಬರು ಒಬ್ಬ ಹಿರಿಯರ ‘ಸುದ್ದಿ ಕೇಳುವ ಬಂಧು’ ಆಗುವುದು. ಹಣ ಕೊಡಬೇಕಾಗಿಲ್ಲ, ಮನೆಗೆ ಕರೆದೊಯ್ಯಬೇಕಾಗಿಲ್ಲ. ಅವರು ಒಪ್ಪಿದರೆ ಅವರ ಪುಟದಲ್ಲಿ ನಿಮ್ಮ ಹೆಸರು, ನಂಬರು. ವಾರಕ್ಕೊಮ್ಮೆ ಫೋನ್, ತಿಂಗಳಿಗೊಮ್ಮೆ ಭೇಟಿ, ಏನಾದರೂ ಆದರೆ ಸುದ್ದಿ ನಿಮಗೆ. ಹೆಸರು ಕೊಟ್ಟವರು ಇನ್ನೂ ಹತ್ತು ಜನರೂ ಆಗಿಲ್ಲ.

ನನ್ನ ಪಾಲಿಗೆ ಬಂದವರು ಎಂಬತ್ತೆರಡರ ಒಬ್ಬ ಅಜ್ಜ, ಒಂದು ಕಾಲದಲ್ಲಿ ಮಗ್ಗ ನೇಯ್ದವರು. ರವಿವಾರ ಫೋನ್ ಮಾಡಿದರೆ ಆಯಾ ಈಗ ‘ಆರಾಮ ಅದಾರ್ರಿ’ ಎಂದು ಮುಗಿಸುವುದಿಲ್ಲ. ‘ಎರಡ ರೊಟ್ಟಿ ತಿಂದಾರ್ರಿ, ಪೂಜಿ ಆಗೇತ್ರಿ, ಎಡಗಾಲ ಸ್ವಲ್ಪ ಬಾತೈತ್ರಿ, ಡಾಕ್ಟರ್‌ಗೆ ತೋರಿಸ್ತೀವ್ರಿ’ ಎನ್ನುತ್ತಾರೆ. ಹೋದ ರವಿವಾರ ಅಜ್ಜ ತಾವೇ ಫೋನ್ ಇಸಗೊಂಡು, ಬಾವು ಇಳಿದಿದೆ ಎಂದರು.